ವಿಶೇಷ ವಾಹನ

"...ತಗ್ಗು ಪ್ರದೇಶದ ನಿವಾಸಿಗಳು ಸಂಜೆಯೊಳಗೆ ಮನೆ ತೆರವು ಮಾಡತಕ್ಕದ್ದು. ಹಾಸಿಗೆ ಹಿಡಿದವರಿಗಾಗಿ ವಿಶೇಷ ವಾಹನದ ವ್ಯವಸ್ಥೆ ಮಾಡಲಾಗಿದೆ" ಎಂದು ಓದಿ ಮುಗಿಸಿ ರೇಡಿಯೋ ಉದ್ಘೋಷಕಿ ಮೈಕು ಆರಿಸಿದಳು. ಬೆಳಿಗ್ಗೆಯಿಂದ ಅದೇ ಮಾತು ಓದಿ ಓದಿ ನಾಲಿಗೆ ಮರಗಟ್ಟಿತ್ತು. ಚಂಡಮಾರುತ ದಿಕ್ಕು ಬದಲಿಸೀತೆಂಬ ಆಸೆಯನ್ನು ಹವಾಮಾನದವರೂ ಕೈಬಿಟ್ಟಿದ್ದರು. ಮುಂದಿನ ಮುನ್ಸೂಚನೆಗೆ ಇನ್ನೂ ಹೊತ್ತಿತ್ತು. ಜನರನ್ನು ಕರೆತರಲು ಖಾಲಿ ಹೋಗುತ್ತಿದ್ದ ಬಸ್ಸು ಹತ್ತಿ ಅವಳು ಸೇತುವೆಯಾಚೆಯ ಅಕ್ಕನ ಮನೆಗೆ ಹೊರಟಳು.

ಬೀದಿಯಲ್ಲಿ ಆಗಲೇ ಪಾದ ಮುಳುಗುವಷ್ಟು ನೀರು. ಅಕ್ಕಪಕ್ಕದ ಮನೆಗಳಿಗೆ ಬೀಗ ಬಿದ್ದಿತ್ತು. ಅಕ್ಕ ಗಂಡನಿಗೆ ಒಗೆದ ಅಂಗಿ ತೊಡಿಸಿ, ತಲೆ ಬಾಚಿ, ಔಷಧಿಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಭಾವ ದರ್ಜಿ. ಅಂಗಡಿಯ ಅಟ್ಟದಿಂದ ಬಿದ್ದು ಬೆನ್ನು ಮುರಿದ ಮೇಲೆ ಕತ್ತಿನ ಕೆಳಗೆ ಅವನ ಮಾತು ಕೇಳುವುದು ಏನೂ ಉಳಿದಿರಲಿಲ್ಲ. ಎತ್ತಿ ಕೂರಿಸಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು.

"ನೀವಿನ್ನೂ ಇಲ್ಲೇ ಇದ್ದೀರಾ?" ಎಂದಳು ಉದ್ಘೋಷಕಿ.

"ನೀನೇ ಹೇಳಿದೆಯಲ್ಲೇ, ಗಾಡಿ ಬರುತ್ತೆ ಅಂತ," ಅಕ್ಕ ಅಂದಳು. "ಪಕ್ಕದ ಮನೆಯವರು ಮಂಚ ಸಮೇತ ಹೊತ್ಕೊಂಡು ಹೋಗ್ತೀವಿ ಅಂದಿದ್ರು. ನಾನೇ ಬೇಡ ಅಂದೆ. ನನ್ನ ತಂಗಿ ಸುಳ್ಳು ಹೇಳಲ್ಲ, ನೀವು ಹೊರಡಿ ಅಂದೆ."

ತಂಗಿ ಚೀಲದಿಂದ ಫೋನ್ ತೆಗೆದಳು. ಬೆಳಿಗ್ಗೆಯಿಂದ ಊರಿಗೆಲ್ಲ ಹೇಳಿದ ಸಹಾಯವಾಣಿಯ ಸಂಖ್ಯೆಗೆ ತಾನೇ ಕರೆ ಮಾಡಿದಳು. ಅದು ರಿಂಗಾಗುತ್ತಲೇ ಇತ್ತು.

"ಮುಳುಗಿದವನಿಗೆ ಚಳಿಯೇನು ಗಾಳಿಯೇನು," ಭಾವ ಮಲಗಿದಲ್ಲಿಂದಲೇ ನಕ್ಕ. "ಇವಳನ್ನ ಕರ್ಕೊಂಡು ಹೋಗು. ನನ್ನ ಮಾತಂತೂ ಕೇಳಲ್ಲ."

"ಬಾಯಿ ಮುಚ್ಚಿ," ಅಂದಳು ಅಕ್ಕ. ಅವನ ಕಾಲರನ್ನು ಮತ್ತೊಮ್ಮೆ ಸರಿಮಾಡಿದಳು.

ಬೀದಿಯ ಕೊನೆಯಲ್ಲಿ ಬಸ್ಸು ಹಾರ್ನ್ ಹೊಡೆಯತೊಡಗಿತು. ಉದ್ಘೋಷಕಿ ಓಡಿಹೋಗಿ ಡ್ರೈವರನ ಮುಂದೆ ಕೈಮುಗಿದಳು. ಒಳಗೆ ಸಾಸಿವೆ ಹಾಕಿದರೆ ಕೆಳಗೆ ಬೀಳದಷ್ಟು ಜನ. ಮಕ್ಕಳು ದೊಡ್ಡವರ ಹೆಗಲ ಮೇಲಿದ್ದವು.

"ಮಲಗಿಸೋಕೆ ಜಾಗ ಎಲ್ಲಿದೆ, ನೀವೇ ನೋಡಿ," ಎಂದ ಡ್ರೈವರ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಇದೇ ಕೊನೇ ಟ್ರಿಪ್ಪು. ನಾವು ದಾಟಿದ ಮೇಲೆ ಸೇತುವೆ ಮುಚ್ತಾರೆ. ಬರೋದಾದ್ರೆ ನೀವೊಬ್ರು ಹತ್ತಿ."

ಹಿಂದೆ ಅಕ್ಕ ನೀರು ತುಳಿಯುತ್ತ ಬಂದು ನಿಂತಿದ್ದಳು. "ಹೋಗು," ಅಂದಳು. "ಇಲ್ಲಿ ಕೂತು ನೀನೇನು ಮಾಡ್ತೀಯ? ಗಾಡಿ ಬಂದಿಲ್ಲ ಅಂತ ಮೈಕಲ್ಲಿ ಹೇಳು. ನಿನ್ನ ಮಾತಾದ್ರೆ ಎಲ್ರಿಗೂ ಕೇಳಿಸುತ್ತೆ." ತಂಗಿಯ ಬೆನ್ನಿಗೆ ಕೈಯಿಟ್ಟು ಮೆಟ್ಟಿಲ ಮೇಲೆ ತಳ್ಳಿದಳು.

ಬಸ್ಸು ದಾಟುತ್ತಿದ್ದಂತೆ ಪೊಲೀಸರು ಸೇತುವೆಗೆ ಅಡ್ಡಲಾಗಿ ಬ್ಯಾರಿಕೇಡ್ ಎಳೆದರು.

ಸಂಜೆಯ ಮುನ್ಸೂಚನೆಯಲ್ಲಿ ಹೊಸದೇನೂ ಇರಲಿಲ್ಲ. ಗಾಳಿಯ ವೇಗ, ಅಲೆಯ ಎತ್ತರ, ವಿಶೇಷ ವಾಹನ. ಕೊನೆಯ ಸಾಲಿಗೆ ಬಂದಾಗ ಉದ್ಘೋಷಕಿ ಹಾಳೆಯಿಂದ ಕಣ್ಣೆತ್ತಿದಳು. "ವಾಹನ ಬಂದಿಲ್ಲ," ಎಂದಳು. "ಸೇತುವೆಯಾಚೆ, ಹಿಟ್ಟಿನ ಗಿರಣಿಯ ಹಿಂದಿನ ಬೀದಿಯಲ್ಲಿ ನನ್ನ ಭಾವ ಮಲಗಿದ್ದಾರೆ. ಜೊತೆಗೆ ಅಕ್ಕ ಇದ್ದಾಳೆ. ಹತ್ತಿರ ಇರುವವರು ಯಾರಾದರೂ ಹೋಗಿ."

ಗಾಜಿನ ಆಚೆ ಕೂತಿದ್ದ ರೇಡಿಯೋ ಕೇಂದ್ರದ ಮುಖ್ಯಸ್ಥ ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದ.

ಅಕ್ಕನ ಫೋನ್ ಆಗಲೇ ಸತ್ತಿತ್ತು. ಕೇಂದ್ರದ ಫೋನ್ ಮಾತ್ರ ಹೊಡೆದುಕೊಳ್ಳತೊಡಗಿತು. ಅಧಿಕಾರಿಗಳಿರಬೇಕೆಂದು ಅವಳು ಧಾವಿಸಿ ಎತ್ತಿದಳು. ಯಾವುದೋ ಹೆಂಗಸು. "ನಮ್ಮಲ್ಲಿಗೂ ಬಂದಿಲ್ಲಮ್ಮ. ನಮ್ಮತ್ತೆ ಇದಾರೆ," ಎಂದಳು. ಇಟ್ಟೊಡನೆ ಮತ್ತೊಂದು ಕರೆ. ಅಲ್ಲೂ ಬಂದಿರಲಿಲ್ಲ. ಮುಖ್ಯಸ್ಥ ಎದ್ದು ಬಂದು ಇನ್ನೊಂದು ಫೋನ್ ಹಿಡಿದ. ಅಧಿಕಾರಿಗಳು ಯಾರೂ ಮಾಡಲಿಲ್ಲ.

ಒಬ್ಬ ಮುದುಕ ಮಾಡಿದ. ಕಿವಿ ಮಂದವಿರಬೇಕು, ದೊಡ್ಡ ದನಿ. "ಹವಾಮಾನ ಹೇಳೋರಾ? ನೀವು ಓದೋದು ಬಹಳ ಚೆನ್ನಾಗಿದೆ. ಗಾಡಿ ಎಷ್ಟೊತ್ತಿಗೆ ಬರುತ್ತೆ ಅಂದ್ರಿ? ಕರೆಂಟು ಹೋಗಿ ಸರಿಯಾಗಿ ಕೇಳಿಸ್ಲಿಲ್ಲ."

ಅವಳು ಬಾಯಿ ತೆರೆದಳು. ಮಾತು ಹೊರಡಲಿಲ್ಲ.

"ಹಾಂ, ಹಾಂ, ಸರಿ," ಎಂದ ಮುದುಕ. ಆಮೇಲೆ ರಿಸೀವರನ್ನು ಬಾಯಿಂದ ದೂರ ಹಿಡಿದು ಒಳಗೆ ಯಾರಿಗೋ ಕೂಗಿದ: "ಬರುತ್ತಂತೆ ಕಣೇ. ಬಾಗಿಲು ತೆಗೆದಿಡು."

ಚಿಲಕ ಸರಿದ ಸದ್ದಾಯಿತು. ಗಾಳಿ ಒಳಗೆ ನುಗ್ಗಿ ರಿಸೀವರಿನ ತುಂಬ ತುಂಬಿಕೊಂಡಿತು.