ಕರಡಿಗುಡ್ಡದ ಹೊಂಬಾಳಮ್ಮ

ಹೆಣಕ್ಕೆ ಹೊಸ ಸೀರೆ ಉಡಿಸಿದ ರಂಗಮ್ಮ ಸೆರಗೆಳೆದು ಅತ್ತಿಗೆಯ ಮುಖ ಮುಚ್ಚುವಾಗ ಅರುಣ್ ಕುಮಾರ್ ತಡೆಯಲಾರದೆ ಕೇಳಿಬಿಟ್ಟ: "ಯಾಕಮ್ಮ ಮುಚ್ತೀರಿ? ಹೊಂಬಾಳಮ್ಮ ಯಾವತ್ತೂ ಮುಖ ಮುಚ್ಕೊಂಡೋರಲ್ಲ."

ಗರಿಯ ಚಪ್ಪರದಡಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವನು ಗುಡ್ಡದ ಕರಡಿಧಾಮದ ಗಾರ್ಡು. ಹಿಂದಿನ ಸಂಜೆ ಅಲ್ಲಿನ ಬಂಡೆಗೆ ಒರಗಿಯೇ ಪ್ರಾಣ ಬಿಟ್ಟಿದ್ದ ಹೊಂಬಾಳಮ್ಮನನ್ನು ಜೀಪಿನಲ್ಲಿ ತಂದವನೂ ಅವನೇ.

"ನಿಮಗೇನ್ ಗೊತ್ತು ಬುಡಿ ಸಾರ್" ಎಂದಳು ರಂಗಮ್ಮ. "ಈ ಮನೇಲಿ ಸೆರಗು ತೆಗೆದಿದ್ದನ್ನ ನಾವ್ಯಾರೂ ಕಂಡಿಲ್ಲ."

ಸತ್ತವಳ ತಮ್ಮ, ರಂಗಮ್ಮನ ಗಂಡ ಬಸವರಾಜು ಎದ್ದು ಗಾರ್ಡನ್ನು ತೋಟದ ಕಡೆ ಕರೆದೊಯ್ದ. "ಗುಡ್ಡದಲ್ಲಿ ಅಕ್ಕ ಸೆರಗು ಹೊದ್ಕಂತಿರ್ಲಿಲ್ವಾ?"

"ಇಲ್ಲಣ್ಣ. ದಿನಗೂಲಿ ವಾಚರಾಗಿ ಸೇರ್ದಾಗಿಂದ ನೋಡ್ತಿದೀನಿ. ಕಾರ್ತೀಕ ಬಂತೂಂದ್ರೆ ಬಂಡೆ ಮೇಲೇ. ಎಲಚಿಹಣ್ಣಿಗೆ ಯಾವ ಕರಡಿ ಬಂತು, ಬಸುರಿ ಯಾವುದು, ಯಾವ ಗವಿ ಸೇರ್ತು, ಎಲ್ಲ ಬಂದು ಹೇಳೋರು. ನಿನ್ನೆನೂ ಒಂದು ಕರಡಿ ಗವಿ ಬಿಟ್ಟು ಈಚೆ ಬಂದಿಲ್ಲ, ಮರಿ ಹಾಕಿರಬೇಕು ಅಂತ ನಗ್ತಿದ್ರು."

"ನಗೋಳಾ?" ಎಂದ ಬಸವರಾಜು.

*

ಮದುವೆ ಗೊತ್ತಾಗಿದ್ದ ವರ್ಷ ಹೊಂಬಾಳಮ್ಮ ಸೌದೆಗೆ ಹೋದಾಗ ಮರಿ ಜೊತೆಗಿದ್ದ ಕರಡಿ ಮೇಲೆರಗಿತ್ತು. ಎಡಗಣ್ಣು ಹೋಯಿತು, ಕೆನ್ನೆ ತುಟಿಯವರೆಗೆ ಹರಿಯಿತು. ಗಂಡಿನ ಕಡೆಯವರು ಮತ್ತೆ ಇತ್ತ ಸುಳಿಯಲಿಲ್ಲ. "ಅದಕ್ಕೂ ಮರಿ ಇತ್ತು, ಏನ್ ಮಾಡೀತು" ಎಂದಿದ್ದಳೇ ಹೊರತು ಮುಖ ಮುಚ್ಚಿಕೊಂಡಿರಲಿಲ್ಲ. ತಮ್ಮನ ಮದುವೆಯಲ್ಲಿ ಅದೇ ಮುಖದಲ್ಲಿ ಕಳಶ ಹಿಡಿದು ನಿಂತಿದ್ದಳು.

ತಮ್ಮನ ಮಗಳು ನಯನ ತಪ್ಪುಹೆಜ್ಜೆ ಇಡುವ ಕಾಲ. ಎತ್ತಿಕೊಳ್ಳಲು ಬಾಗಿದ ಅತ್ತೆಯನ್ನು ಕಂಡು ಮಗು ಕಿಟಾರನೆ ಕಿರುಚಿತು. ರಾತ್ರಿಗೆ ಜ್ವರ ಏರಿತು.

"ಮಗ ಹೆದರ್ಕತದೆ ಕಣತ್ತಿಗೆ, ಒಸಿ ಸೆರಗು ಹೊದ್ಕಳಿ" ಎಂದಳು ರಂಗಮ್ಮ.

ಹೊಂಬಾಳಮ್ಮ ತಮ್ಮನ ಕಡೆ ನೋಡಿದಳು. ಅವನು ಕಾಯಿ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ.

ಅವತ್ತು ಇಳಿದ ಸೆರಗು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಊಟವನ್ನೂ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ನಯನ ಬೆಳೆದಳು, ಮದುವೆಯಾಗಿ ತಿಪಟೂರಿಗೆ ಹೋದಳು. ಇನ್ನಾದರೂ ತೆಗಿ ಅಕ್ಕಾ ಅನ್ನಬೇಕು ಎಂದು ಬಸವರಾಜುವಿಗೆ ಅನಿಸುತ್ತಿತ್ತು. ಇವತ್ತಲ್ಲ ನಾಳೆ ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು.

*

ತೋಟದ ಮೂಲೆಯಲ್ಲಿ ಗುಂಡಿ ಸಿದ್ಧವಾಗಿತ್ತು.

"ಕಡೇ ಸಲ ಮುಖ ನೋಡ್ಕಳೋರು ನೋಡ್ಕಳ್ರಪ್ಪ" ಎಂದು ಹಿರಿಯರೊಬ್ಬರು ಕೂಗಿದರು. ಯಾರೂ ಮಿಸುಕಲಿಲ್ಲ.

ಬಸವರಾಜು ಬಂದು ಮಂಡಿಯೂರಿದ.

"ಬ್ಯಾಡ ಕಣ್ರೀ, ಹಂಗೇ ಕಳಿಸ್ಕೊಡಾಣ" ಎಂದಳು ರಂಗಮ್ಮ.

ಅವನು ಸೆರಗು ಎತ್ತಿದ.

ಅಕ್ಕನ ಮುಖ ಕಾಣುತ್ತದೆ ಎಂದುಕೊಂಡಿದ್ದ. ಕಂಡದ್ದು ಯಾರೋ ಮುದುಕಿಯದು. ಹರಿದ ಕಡೆಯಾದರೂ ಅವನಿಗೆ ನೆನಪಿತ್ತು. ಗಾಯವಿಲ್ಲದ ಕೆನ್ನೆಯ ಗುರುತೇ ಸಿಗಲಿಲ್ಲ. ಅದು ಯಾವಾಗ ಸುಕ್ಕುಗಟ್ಟಿತೋ, ಒಂದೇ ಮನೆಯಲ್ಲಿದ್ದೂ ಅವನು ಕಂಡಿರಲಿಲ್ಲ.

ಬೆನ್ನ ಹಿಂದೆ ಬಳೆಗಳ ಸದ್ದಾಯಿತು. ತಿರುಗಿ ನೋಡಿದ. ನಯನ ತನ್ನ ಮಗಳು ಕೃತಿಕಾಳನ್ನು ಮೈಗೆ ಒತ್ತಿಕೊಂಡು, ಅಂಗೈಯಿಂದ ಅವಳ ಕಣ್ಣು ಮುಚ್ಚಿ ನಿಂತಿದ್ದಳು. ಮಗು ನೋಡಬೇಕೆಂದು ಕೊಸರಾಡುತ್ತಿತ್ತು. ನಯನಳ ಕೈ ಇನ್ನಷ್ಟು ಬಿಗಿಯಾಯಿತು.