ಹರಿಣಾಕ್ಷಿಯ ಗೋದಲಿ

"ಬಿಚ್ಚೇ ಸೆರಗು! ಬಿಚ್ಚು ಅಂದೆ!"

ಈರಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿದಳು. ಸೀಳು ಬಿಟ್ಟ ಮೂಲಂಗಿ ಎರಡು, ಹಕ್ಕಿ ಕುಕ್ಕಿದ ಟೊಮೆಟೊ ಮೂರು ಮಣ್ಣಿಗೆ ಬಿದ್ದವು. ಮಾರ್ಕೆಟ್ಟಿಗೆ ಹೋಗದ, ಹೋಟೆಲಿಗೂ ಬೇಡವಾದ ಮಾಲು. ಸದಾನಂದರಾಯರು ಅವನ್ನು ಚಪ್ಪಲಿಯ ತುದಿಯಿಂದ ಒಂದೇ ಸಾಲಿಗೆ ತಂದು, ಕೂಲಿಯವರೆಲ್ಲ ಕಣ್ತುಂಬ ನೋಡಲಿ ಎಂದು ಪಕ್ಕಕ್ಕೆ ಸರಿದರು.

"ಕಳ್ಳ ರಂಡೆ! ಎಮ್ಮೆ ಬಾಯಿಂದ ಕಿತ್ಕೊಂಡು ತಿಂತೀಯಲ್ಲ, ಮರ್ಯಾದೆ ಉಂಟಾ ನಿಂಗೆ?"

"ಸೊಸಿ ಹಡದು ಹನ್ನೆರಡು ದಿನಾತ್ರಿ ಸಾವ್ಕಾರ್ರ. ಗಿರಿಜಾಗ ಎದಿ ಬತ್ತೇತ್ರಿ. ಕೂಸು ಬರೇ ಚೀಪತೈತಿ, ಹಾಲ ಬರವಲ್ದು. ನುಚ್ಚಿನ ಗಂಜಿ ಕುಡದ್ರ ಎಲ್ಲಿಂದ ಬರಬೇಕ್ರಿ? ಒಡದದ್ದು ಹೆಂಗೂ ದನಕ್ಕ ಹಾಕೂದ..."

"ದನಕ್ಕೆ ಹಾಕಿದ್ರೆ ಅದು ಹಾಲು ಕೊಡ್ತದೆ ಮಾರಾಯ್ತಿ. ನಿಮಗೆ ಹಾಕಿದ್ರೆ ನೀವೆಂತ ಕೊಡ್ತೀರಿ?"

ಅದನ್ನೇ ಅವಳು ಈಗಷ್ಟೇ ಹೇಳಿ ಮುಗಿಸಿದ್ದಳು. ರಾಯರ ಕಿವಿಗೆ ಬಿದ್ದಿರಲಿಲ್ಲ.

ರಾಯರದು ನಾಸಿಕದಲ್ಲಿ ಸಸ್ಯಾಹಾರಿ ಹೋಟೆಲು, ದಿಂಡೋರಿ ರಸ್ತೆಯಲ್ಲಿ ಈ ತೋಟ. ಹೋಟೆಲಿನ ಸಾಂಬಾರಿಗೆ ತರಕಾರಿ ಇಲ್ಲಿಂದ, ಚಹಾಕ್ಕೆ ಹಾಲು ಇಲ್ಲಿಯ ಆರು ಎಮ್ಮೆಗಳಿಂದ. ಕೊಯ್ಲು ಮುಗಿದ ಮೇಲೆ ಮಡಿಯಲ್ಲಿ ಉಳಿದದ್ದೆಲ್ಲ ಎಮ್ಮೆಗೇ ಸೇರಬೇಕು ಎಂಬುದು ತೋಟದ ಕಾನೂನು. ವಿಜಾಪುರದ ಕಡೆಯಿಂದ ಬಂದ ಈರಮ್ಮನಂಥವರಿಗೆ ಸಾವ್ಕಾರ ಕನ್ನಡದವನೆಂದು ಮೊದಮೊದಲು ಹಿಗ್ಗಾಗಿತ್ತು. ಮರಾಠಿಯವನಾಗಿದ್ದರೆ ಬೈಗುಳದಲ್ಲಿ ಅರ್ಧ ತಿಳಿಯುತ್ತಿರಲಿಲ್ಲ. ಇಲ್ಲಿ ಒಂದಕ್ಷರವೂ ವ್ಯರ್ಥವಾಗುತ್ತಿರಲಿಲ್ಲ.

ಆರು ಎಮ್ಮೆಗಳಲ್ಲಿ ಹೆಚ್ಚು ಹಾಲು ಕರೆಯುವ ಎಮ್ಮೆಗೆ ರಾಯರು ಹರಿಣಾಕ್ಷಿ ಎಂದು ಹೆಸರಿಟ್ಟಿದ್ದರು. ಅದರ ಗೋದಲಿಗೆ ಮೇವು ಹೆಚ್ಚಿ ಹಾಕುವುದು ಈರಮ್ಮನ ಕೆಲಸ. ಇಡೀ ಮೂಲಂಗಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಬೆರಳುದ್ದ ಸೀಳಬೇಕು. ಕೋಸಿನೆಲೆ ಹಾಲು ಹಿಂಡಿದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಹಾಲಿಗೆ ವಾಸನೆ ಬಂದು ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಮೊಳಕೆಯೊಡೆದ ಬಟಾಟೆಯಂತೂ ಕೂಡದು. ಇಷ್ಟು ಕಾಳಜಿಯಿಂದ ಈರಮ್ಮ ತನ್ನ ಹೊಟ್ಟೆಯ ಮಕ್ಕಳಿಗೂ ಉಣಿಸಿರಲಿಲ್ಲ.

ಆ ಸಂಜೆ ಅದೇ ಮೂಲಂಗಿ, ಅದೇ ಟೊಮೆಟೊವನ್ನು ಅವಳ ಕೈಯಿಂದಲೇ ಹೆಚ್ಚಿಸಿ ಗೋದಲಿಗೆ ಹಾಕಿಸಿದರು. ಎಮ್ಮೆ ಕಣ್ಣು ಅರೆಮುಚ್ಚಿ ಮೆಲ್ಲುತ್ತಿದ್ದರೆ ಈರಮ್ಮನಿಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅದಕ್ಕೆ ನಾಚಿಕೆಯೂ ಆಯಿತು. ಎಮ್ಮೆ ಅವಳನ್ನು ಒಂದು ದಿನವೂ ಬೈದಿರಲಿಲ್ಲ.

ಶುಕ್ರವಾರ ಕೆಳಗಿನ ಮಡಿಯ ಕೋಸಿಗೆ ಹುಳ ಬಿತ್ತು. ಮೇಸ್ತ್ರಿ ದೇವದಾಸ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಡಿಯುದ್ದಕ್ಕೂ ಹುಳ ಕೊಲ್ಲುವ ಎಂಡ್ರಿನ್ ಔಷಧಿ ಹೊಡೆದ. ರಾಯರು ಕೊಟ್ಟಿಗೆಗೆ ಬಂದು ಕಟ್ಟಪ್ಪಣೆ ಮಾಡಿದರು.

"ಕೇಳಿಲ್ಲಿ. ಹದಿನೈದು ದಿನ ಕೆಳಗಿನ ಮಡಿಯ ಒಂದೆಲೆ ಸಹ ಎಮ್ಮೆ ಬಾಯಿಗೆ ಹೋಗ್ಬಾರ್ದು. ಹೋಯ್ತೋ, ನಿನ್ನ ಚರ್ಮ ಸುಲಿತೇನೆ."

"ಇಲ್ರಿ ಸಾವ್ಕಾರ್ರ."

ಭಾನುವಾರ ತೋಟದಲ್ಲಿ ಹಬ್ಬ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಮೂರು ದಿನವಾಗಿತ್ತು, ರಾಯರು ಕನ್ನಡ ಸಂಘದ ಅಧ್ಯಕ್ಷರು. ಓಝರ್‌ನ ವಿಮಾನ ಕಾರ್ಖಾನೆಯ ಇಂಜಿನಿಯರುಗಳು ಹೆಂಡತಿ ಮಕ್ಕಳೊಂದಿಗೆ ಬಂದಿಳಿದರು. ಕೊಟ್ಟಿಗೆಯ ಮುಂದಿನ ಶಾಮಿಯಾನದಲ್ಲಿ ಕನ್ನಡ ತಾಯಿಯ ಪಟಕ್ಕೆ ಹಾರ ಬಿತ್ತು. ಮಕ್ಕಳು ಹರಿಣಾಕ್ಷಿಯನ್ನು ಕಂಡು, "ಬಘಾ, ಕೇವಢೀ ಮೋಠೀ ಮ್ಹೈಸ್!" ಎಂದು ಎಮ್ಮೆಯ ಗಾತ್ರಕ್ಕೆ ಬೆರಗಾಗಿ ಮರಾಠಿಯಲ್ಲಿ ಕುಣಿದವು. ಬಾಳೆಯೆಲೆ ಹಾಸಿ ಕೋಸಿನ ಪಲ್ಯ, ಹೋಳಿಗೆ ಬಡಿಸಿದರು. ಕೂಲಿಯವರು ಬೇಲಿಯ ಬದಿಗೆ ನಿಂತು ಹಬ್ಬ ನೋಡಿದರು.

"ನಾವೆಲ್ಲ ಒಂದೇ ತಾಯಿಯ ಮಕ್ಕಳು," ಎಂದು ರಾಯರು ಎಲೆಗಳ ಮುಂದೆ ನಿಂತು ಭಾಷಣ ಶುರುಮಾಡಿದರು. "ನಮ್ಮ ಕೂಲಿಯವರೂ ಕನ್ನಡಿಗರೇ. ಇವತ್ತು ಅವರ ಮನೆಯಲ್ಲೂ ನಮ್ಮ ತೋಟದ ಕೋಸಿನ ಪಲ್ಯ ಆಗ್ಬೇಕು. ಬಾ ಈರಮ್ಮ, ಬಾ."

ರಾಯರ ಬಾಯಲ್ಲಿ ಅವಳು ತನ್ನ ಹೆಸರು ಕೇಳಿದ್ದು ಅಂದೇ ಮೊದಲು. ದೇವದಾಸ ಬುಟ್ಟಿ ತುಂಬ ಕೋಸು ತಂದು ರಾಯರ ಕೈಗೆ ಕೊಟ್ಟ. ಲಿಂಗರಾಜು ಎಂಬ ಇಂಜಿನಿಯರು ಎಲೆಯ ಮುಂದಿನಿಂದಲೇ ಎದ್ದು ಎಡಗೈಯಲ್ಲಿ ಕ್ಯಾಮೆರಾ ಹಿಡಿದ. ಈರಮ್ಮನ ಎದೆ ತುಂಬಿ ಬಂತು. ಗಿರಿಜಾ ವಾರವಿಡೀ ಉಣ್ಣಬಹುದು, ಸಾವ್ಕಾರನಿಗೂ ಕರುಳಿದೆ ಎಂದುಕೊಂಡಳು.

ಬುಟ್ಟಿ ಹತ್ತಿರ ಬಂದಾಗ ಮೂಗಿಗೆ ಔಷಧಿಯ ವಾಸನೆ ಹೊಡೆಯಿತು. ಕೋಸಿನೆಲೆಯ ಬುಡದಲ್ಲಿ ಬಿಳಿ ಕಲೆ ಒಣಗಿತ್ತು.

"ಸಾವ್ಕಾರ್ರ," ಎಂದು ದನಿ ತಗ್ಗಿಸಿದಳು, "ಇದು ಕೆಳಗಿನ ಮಡೀದಲ್ರೀ?"

ರಾಯರು ಕ್ಯಾಮೆರಾದ ಕಡೆಗೆ ನಗುತ್ತಲೇ ಹಲ್ಲಿನ ಸಂದಿನಿಂದ ಹೇಳಿದರು. "ತೊಳ್ದು ತಿನ್ನು. ನಿಮಗೆಲ್ಲ ಎಂತ ಆಗುದಿಲ್ಲ. ಫೋಟೋ ಹಾಳು ಮಾಡ್ಬೇಡ ಬೋಳಿ."

ಜನ ಚಪ್ಪಾಳೆ ತಟ್ಟಿದರು. ಈರಮ್ಮ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಬೇಲಿಯ ಕಡೆಗೆ ಹೋಗದೆ ಕೊಟ್ಟಿಗೆಗೆ ನಡೆದಳು. ಹರಿಣಾಕ್ಷಿ ಬೆಳಗ್ಗೆ ಹೆಚ್ಚಿಟ್ಟ ಮೂಲಂಗಿಯನ್ನು ಸೊಪ್ಪಿನ ಸಮೇತ ಬಾಯ್ತುಂಬ ಮೆಲ್ಲುತ್ತಿತ್ತು. ಅವಳು ಅದರ ಹಗ್ಗವನ್ನು ಮೊದಲು ಗಿಡ್ಡ ಮಾಡಿ ಕಟ್ಟಿದಳು. ಆ ಮೂಕಪ್ರಾಣಿ ಏನು ತಪ್ಪು ಮಾಡಿದೆ? ಆಮೇಲೆ ಎಮ್ಮೆಗೆ ಎಟುಕದಷ್ಟು ದೂರ ನಿಂತು, ಬುಟ್ಟಿಯನ್ನು ಎತ್ತಿ ಹಿಡಿದು ಕೂಗಿದಳು.

"ನಮ್ದೇನೈತ್ರಿ, ಗಂಜಿ ಕುಡಿಯೂ ಮಂದಿ! ಇಂಥಾ ಚಲೋ ಕೋಸು ನಮಗ್ಯಾಕ್ರಿ ಸಾವ್ಕಾರ್ರ? ಹಾಲ ಕೊಡಾಕಿ ತಿನ್ಲಿ! ತಿನ್ನವಾ ಹರಿಣಾಕ್ಷಿ!"

"ಏಯ್!"

ರಾಯರು ಪಂಚೆ ಎತ್ತಿಕೊಂಡು, ಉಣ್ಣುತ್ತಿದ್ದವರ ಎಲೆಗಳನ್ನು ದಾಟಿ ಓಡಿ ಬಂದರು. ಎಮ್ಮೆಯ ಬಾಯಲ್ಲಿ ಹಸಿರು ಕಂಡದ್ದೇ ಅವರ ಜೀವ ಹಾರಿತು. ಎರಡೂ ಕೈಯನ್ನು ಅದರ ಬಾಯೊಳಗೆ ತೂರಿಸಿ ಸೊಪ್ಪು ಎಳೆಯತೊಡಗಿದರು.

"ಸಾಯ್ತದೆ ಇದು, ಸಾಯ್ತದೆ! ವಿಷ ಹೊಡೆದದ್ದು ಅದು, ವಿಷ! ದೇವದಾಸಾ, ಬಾರೋ!"

ಶಾಮಿಯಾನದೊಳಗೆ ಕೋಸಿನ ಪಲ್ಯದ ತುತ್ತುಗಳು ಎಲೆಗೂ ಬಾಯಿಗೂ ನಡುವೆ ನಿಂತವು. ಒಬ್ಬ ಹೆಂಗಸು ಮಗುವಿನ ಬಾಯಿಗೆ ಬೆರಳು ಹಾಕಿದಳು. ಪಲ್ಯದ ಕೋಸು ಔಷಧಿ ಹೊಡೆಯದ ಮೇಲಿನ ಮಡಿಯದು ಎಂದು ಈರಮ್ಮನಿಗೆ ಗೊತ್ತಿತ್ತು. ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬುಟ್ಟಿಯನ್ನು ರಾಯರ ಕಾಲಬಳಿ ಇಳಿಸಿದಳು. ಒಂದು ಕೋಸೂ ಕಡಿಮೆಯಾಗಿರಲಿಲ್ಲ. ರಾಯರು ಅದನ್ನು ನೋಡಿದರು, ಕೈಗೆ ಬಂದ ಮೂಲಂಗಿ ಸೊಪ್ಪನ್ನು ನೋಡಿದರು. ಕೈ ಹೊರಗೆಳೆಯಲು ಹೋದರೆ ಹರಿಣಾಕ್ಷಿ ಮೇವು ಬಿಟ್ಟುಕೊಡಲೊಲ್ಲದೆ ಬಾಯಿ ಬಿಗಿಹಿಡಿದಿತ್ತು.

ಈರಮ್ಮ ಎಲ್ಲರೆದುರಿಗೆ ಸೆರಗು ಹರಡಿದಳು. ಗೋದಲಿಯಿಂದ, ತಾನೇ ಬೆರಳುದ್ದ ಸೀಳಿದ್ದ ಮೂಲಂಗಿಯನ್ನು ಒಂದೊಂದಾಗಿ ಆರಿಸಿ ತುಂಬಿಕೊಂಡಳು. ಎಮ್ಮೆಗೆಂದು ಅರ್ಧ ಬಿಟ್ಟಳು.

"ಬಿಚ್ಚಸ್ತೀರೇನ್ರಿ ಸೆರಗು?" ಎಂದಳು.

ರಾಯರ ಎರಡೂ ಕೈ ಇನ್ನೂ ಎಮ್ಮೆಯ ಬಾಯೊಳಗಿದ್ದವು. ಅವಳು ಗಂಟು ಬಿಗಿದು, ಊಟದೆಲೆಗಳ ನಡುವೆಯೇ ನಡೆದು, ಗಿರಿಜಾ ಮಲಗಿದ್ದ ಗುಡಿಸಲಿನ ದಾರಿ ಹಿಡಿದಳು.