ನೋಡಬಹುದು, ಮುಟ್ಟುವಂತಿಲ್ಲ

ನಮ್ಮ ಮನೆಯಲ್ಲಿ ಚಪ್ಪಲಿಗೂ ಒಂದು ಗೂಡಿದೆ, ಚಿಕ್ಕತ್ತೆಗೆ ಮಾತ್ರ ಒಂದು ಕೋಣೆಯಿಲ್ಲ. ಚಿಕ್ಕತ್ತೆ ಎಂದರೆ ನನ್ನ ಮಾವನ ತಂಗಿ. ಆಸ್ಪತ್ರೆಯೊಂದರಲ್ಲಿ ಹಾಸಿಗೆಯ ಹೊದಿಕೆ, ಡಾಕ್ಟರುಗಳ ಹಸಿರು ಅಂಗಿ ಹೊಲಿದು ನಿವೃತ್ತರಾದವರು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದರೆ, "ಯಾರೂ ಅಳತೆಗೆ ಸರಿಹೋಗ್ಲಿಲ್ಲ ಕಣೇ" ಎಂದು ನಗುತ್ತಾರೆ. ಅವರು ಮಲಗುವುದು ನಡುಮನೆಯ ದಿವಾನದ ಮೇಲೆ. ಹಗಲೆಲ್ಲ ಬಂದವರು ಹೋದವರು ಅದರ ಮೇಲೇ ಕೂರುತ್ತಾರೆ. ಮಾವ ಟಿ.ವಿ. ಆರಿಸುವ ತನಕ ಅವರಿಗೆ ನಿದ್ದೆಯಿಲ್ಲ. ಬಟ್ಟೆ ಬದಲಿಸಲು ಬಚ್ಚಲುಮನೆಯೇ ಗತಿ. ಸೊಸೆಯಾಗಿ ಬಂದಾಗಿನಿಂದ ಇದನ್ನು ನೋಡುತ್ತಿದ್ದೆ, ಆದರೆ ಹೊಸಬಳೆಂದು ಬಾಯಿ ಮುಚ್ಚಿಕೊಂಡಿದ್ದೆ.

ಮನೆಯ ಮೇಲೆ ಮಹಡಿ ಎಬ್ಬಿಸುವ ಮಾತು ಬಂದಾಗ ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಟ್ಟಡಗಳ ನಕ್ಷೆ ಬರೆಯುವುದೇ ನನ್ನ ಹೊಟ್ಟೆಪಾಡು. ಮೊಟ್ಟಮೊದಲು ಚಿಕ್ಕತ್ತೆಯ ಕೋಣೆ ಬರೆದೆ. ರಸ್ತೆ ಕಾಣುವ ಕಿಟಕಿ, ಗೋಡೆಯ ಕಪಾಟು, ಹೊಲಿಗೆ ಯಂತ್ರಕ್ಕೆ ಬೆಳಕು ಬೀಳುವ ಮೂಲೆ. ಎಲ್ಲರೂ ನೋಡಿ ತಲೆಯಾಡಿಸಿದರು. ಚಿಕ್ಕತ್ತೆ ಮಾತ್ರ ಆ ಮೂಲೆಯ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನೋಡಿದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಎಲ್ಲರೂ ತಂತಮ್ಮ ಸಲಹೆ ಕೊಡಲಿ ಎಂಬ ಉದಾರಬುದ್ಧಿ ನನಗೆ. ನಡುಮನೆಯ ಹಳೇ ಕಂಪ್ಯೂಟರಿನಲ್ಲಿ 'ಮಹಡಿ' ಎಂಬ ಫೋಲ್ಡರ್ ಮಾಡಿ, ನಕ್ಷೆಯನ್ನು ಅದರೊಳಗಿಟ್ಟು, ಮನೆಯ ನೆಟ್‌ವರ್ಕಿನಲ್ಲಿ ಹಂಚಿದೆ. ಯಾರಿಗೆ ಅನುಮತಿ ಎಂದು ಕಂಪ್ಯೂಟರ್ ಕೇಳಿತು. ಎಲ್ಲರಿಗೂ ಎಂದೆ. ಎಷ್ಟು ಎಂದು ಕೇಳಿತು. ಪೂರ್ತಿ ಎಂದು ಗುರುತು ಹಾಕಿ ಎದ್ದುಹೋದೆ. ನಕ್ಷೆ ಬರೆದ ತಂತ್ರಾಂಶವೂ ಸಲೀಸು. ಮೌಸಿನಲ್ಲಿ ಗೋಡೆ ಹಿಡಿದು ಎಳೆದರೆ ಗೋಡೆ ಸರಿಯುತ್ತದೆ.

ಸೋಮವಾರ ಮೇಸ್ತ್ರಿ ಬಂದು ನಕ್ಷೆ ತೆಗೆದುಕೊಂಡು ಹೋಗುವವನಿದ್ದ. ಅವನ ಕೈಗೆ ಹೋದ ಮೇಲೆ ಯಾರು ಜಪ್ಪಯ್ಯ ಅಂದರೂ ಗೋಡೆ ಕದಲುವುದಿಲ್ಲ. ಅದಕ್ಕೇ ಶನಿವಾರ ಬೆಳಿಗ್ಗೆ ಒಮ್ಮೆ ನೋಡೋಣವೆಂದು ತೆರೆದೆ. ಚಿಕ್ಕತ್ತೆಯ ಕೋಣೆ ಹುಡುಕಬೇಕಾಯಿತು. ಒಂದು ಮಂಚ ತೂರಿಸಿದರೆ ಮುಗಿಯಿತು, ಬಾಗಿಲು ತೆರೆದರೆ ಮಂಚಕ್ಕೆ ಬಡಿಯುತ್ತಿತ್ತು. ಹೊಲಿಗೆ ಯಂತ್ರವನ್ನು ಯಾರೋ ಮೆಟ್ಟಿಲ ಬುಡಕ್ಕೆ ತಳ್ಳಿದ್ದರು. ನನ್ನ ಪಿತ್ತ ನೆತ್ತಿಗೇರಿತು.

"ಯಾರು ಇದನ್ನ ಮಾಡಿದ್ದು?" ಎಂದು ಎಲ್ಲರನ್ನೂ ನಡುಮನೆಗೆ ಕರೆದೆ.

"ಬಟ್ಟೆ ಒಗೆಯೋ ಮಷೀನಿಗೆ ಜಾಗ ಬೇಡ್ವೇನಮ್ಮಾ? ಒಂಚೂರು ಸರಿಸಿದೆ ಅಷ್ಟೇ" ಎಂದರು ಅತ್ತೆ.

"ನಾನೂ ನನ್ನ ಮೇಜಿಗೆ ಅಂತ ಸ್ವಲ್ಪ..." ಎಂದು ನನ್ನ ಗಂಡ ಪೆಚ್ಚಾಗಿ ನಕ್ಕ.

"ನಾನು ಬರೀ ಗಾಳಿಗೆ ಅಂತ ಬಾಲ್ಕನಿ ದೊಡ್ಡದು ಮಾಡ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದರು ಮಾವ.

ಮೂವರಲ್ಲಿ ಯಾರೂ ಕೆಟ್ಟವರಲ್ಲ, ಅದೇ ನನಗೆ ಇನ್ನಷ್ಟು ಉರಿ ಹತ್ತಿಸಿತು. ಅಷ್ಟರಲ್ಲಿ ದಿವಾನದ ಅಂಚಿನಲ್ಲಿ ಕೂತಿದ್ದ ಚಿಕ್ಕತ್ತೆ, "ಇರ್ಲಿ ಬಿಡೇ, ನನಗೆ ಇಲ್ಲೇ ಅಭ್ಯಾಸ ಆಗಿದೆ" ಎಂದುಬಿಟ್ಟರು. ಎಲ್ಲರ ಮುಖದಲ್ಲೂ ಒಂದು ನೆಮ್ಮದಿ ಬಂತು. ಆ ನೆಮ್ಮದಿ ನೋಡಿ ನನಗೆ ಅಳು ಬಂತು.

"ಇರೋದಿಲ್ಲ" ಎಂದೆ.

ನನ್ನ ಲ್ಯಾಪ್‌ಟಾಪಿನಲ್ಲಿದ್ದ ಮೊದಲಿನ ನಕ್ಷೆಯನ್ನು ತಂದು ಫೋಲ್ಡರಿಗೆ ಹಾಕಿ, ಬೀಗ ಜಡಿಯಲು ಕೂತೆ. ಸಿಟ್ಟಿನ ಭರದಲ್ಲಿ 'ಎಲ್ಲರೂ' ಎಂಬುದರ ಮುಂದೆ 'ನಿರಾಕರಿಸು' ಎಂದು ಒತ್ತಿದೆ. ಮರುಕ್ಷಣ ಕಂಪ್ಯೂಟರ್ ನನ್ನನ್ನೂ ಹೊರಗೆ ದಬ್ಬಿತು. ಎಲ್ಲರೂ ಎಂದರೆ ನಾನೂ ಸೇರಿ ಎಂಬುದು ತಲೆಗೆ ಹೊಳೆದಿರಲಿಲ್ಲ.

"ನಿನ್ನ ಮನೆಗೆ ನೀನೇ ಹೊರಗಿಂದ ಬೀಗ ಹಾಕ್ಕೊಂಡ್ಯಲ್ಲೇ!" ಎಂದು ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊನೆಗೆ ಆ ಕಂಪ್ಯೂಟರಿನ ಯಜಮಾನಿಕೆಯ ಪಾಸ್‌ವರ್ಡ್ ನೆನಪಿಸಿಕೊಂಡು, ಆ ಗುರುತು ತೆಗೆದು ನನ್ನನ್ನು ಒಳಗೆ ಬಿಟ್ಟವನೂ ಅವನೇ.

ಆಮೇಲೆ ನಿಧಾನವಾಗಿ ಮಾಡಿದೆ. ಒಬ್ಬೊಬ್ಬರಿಗೂ ಅವರದೇ ಹೆಸರಿನ ಖಾತೆ. ನೆಟ್‌ವರ್ಕಿನಿಂದ ಬರುವವರಿಗೆ ಒಂದು ಬೀಗ, ಆ ಕಂಪ್ಯೂಟರಿನ ಮುಂದೆಯೇ ಕೂರುವವರಿಗೆ ಇನ್ನೊಂದು. ಮಾವ, ಅತ್ತೆ, ಗಂಡ: ಓದಲು ಮಾತ್ರ. ನನ್ನ ಹೆಸರಿನ ಮುಂದೆಯೂ ಅದನ್ನೇ ಹಾಕಿದೆ.

"ನೀನೂನಾ?" ಎಂದ ಗಂಡ.

"ನಾನೂ ಈ ಮನೆಯವಳೇ ತಾನೇ? ನಾಳೆ ನನಗೂ ಒಂಚೂರು ಬೇಕು ಅನ್ಸುತ್ತೆ."

"ಅಲ್ಲಮ್ಮಾ, ನಾನು ಕಟ್ಟಿಸೋ ಮನೇಲಿ ನಾನೇ ಪರ್ಮಿಷನ್ ಕೇಳ್ಬೇಕಾ?" ಎಂದು ಮಾವ ಮುಖ ಊದಿಸಿಕೊಂಡರು.

"ನೋಡೋಕೆ ಕೇಳ್ಬೇಕಾಗಿಲ್ಲ ಮಾವ. ಮುಟ್ಟೋ ಹಾಗಿಲ್ಲ ಅಷ್ಟೇ. ಮುಟ್ಟೋದು ಚಿಕ್ಕತ್ತೆ ಒಬ್ರೇ. ನಾಳೆ ಸಂಜೆ ಅವರು ಏನು ಇಟ್ಟಿರ್ತಾರೋ ಅದೇ ಮೇಸ್ತ್ರಿಗೆ."

"ಮಹಡಿ ಪೂರ್ತಿ ಅವಳೇ ಗುಳುಂ ಮಾಡಿದ್ರೆ?"

"ಮಾಡ್ಲಿ" ಎಂದೆ. ಹೇಳಿದ ಮೇಲೆ ನನಗೂ ಒಳಗೊಳಗೆ ಸ್ವಲ್ಪ ಪುಕಪುಕ ಎಂದಿತು.

ಚಿಕ್ಕತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಪಾಸ್‌ವರ್ಡ್ ಹಾಕಿ ಎಂದೆ.

"ನೀನೇ ಏನಾದ್ರೂ ಹಾಕ್ಬಿಡೇ."

"ಉಹುಂ. ನಿಮಗೆ ಮಾತ್ರ ಗೊತ್ತಿರ್ಬೇಕು."

"ನಿನಗೂ ಹೇಳ್ಬಾರ್ದಾ?"

"ನನಗೂ ಬೇಡ" ಎಂದು ಗೋಡೆ ಕಡೆ ತಿರುಗಿ ನಿಂತೆ. ಹಿಂದೆ ಒಂದೊಂದೇ ಕೀಲಿ ಒತ್ತಿದ ಸದ್ದು ಕೇಳಿಸಿತು. ತಿರುಗಿದಾಗ, ಏನನ್ನೋ ಕದ್ದು ತಿಂದ ಹುಡುಗಿಯ ಹಾಗೆ ತುಟಿ ಬಿಗಿಹಿಡಿದು ಕೂತಿದ್ದರು.

ಭಾನುವಾರ ಮಧ್ಯಾಹ್ನವೆಲ್ಲ ಅವರು ನಕ್ಷೆಯ ಮುಂದೆ ಕೂತರು. ಗೋಡೆ ಎಳೆಯುವುದು ಹೇಗೆ, ಬಾಗಿಲು ತಿರುಗಿಸುವುದು ಹೇಗೆ, ಅಕ್ಷರ ಬರೆಯುವುದು ಹೇಗೆ ಎಂದು ಒಂದೊಂದಾಗಿ ಕೇಳಿದರು. ಹೇಳಿಕೊಟ್ಟು ನಾನು ಅಡುಗೆಮನೆಗೆ ಹೋದೆ. ಅತ್ತೆ ಪಾತ್ರೆ ಒರೆಸುವ ನೆಪದಲ್ಲಿ ನಾಲ್ಕು ಸಲ ಬಗ್ಗಿ ನೋಡಿದರು. ಮಾವ ಪೇಪರ್ ತಲೆಕೆಳಗಾಗಿ ಹಿಡಿದುಕೊಂಡಿದ್ದರು ಎಂದರೆ ನೀವು ನಂಬುವುದಿಲ್ಲ.

"ಆಯ್ತು ನೋಡಿ" ಎಂದು ಸಂಜೆ ಚಿಕ್ಕತ್ತೆ ಎದ್ದರು. ಮಾವ ತಡಮಾಡದೆ ತಮ್ಮ ಖಾತೆಯಲ್ಲಿ ನಕ್ಷೆ ತೆರೆದರು. ನಾವೆಲ್ಲ ಅವರ ಹಿಂದೆ ನಿಂತೆವು.

ಗೋಡೆಗಳು ನಾನು ಬರೆದಲ್ಲೇ ಇದ್ದವು. ಒಂದೂ ಕದಲಿರಲಿಲ್ಲ. ಕಿಟಕಿ ಅಲ್ಲೇ, ಕಪಾಟು ಅಲ್ಲೇ, ಹೊಲಿಗೆ ಯಂತ್ರವೂ ಅದೇ ಮೂಲೆಯಲ್ಲಿ. ಕೋಣೆಯ ಬಾಗಿಲಿನ ಒಳಮಗ್ಗುಲಲ್ಲಿ ಮಾತ್ರ ಒಂದು ಪುಟ್ಟ ಗೆರೆ ಎಳೆದಿದ್ದರು. ಪಕ್ಕದಲ್ಲಿ ಬರೆದಿದ್ದರು: 'ಒಳಗಡೆ ಚಿಲಕ.'

ಇಷ್ಟು ದಿನ ಆ ಕೋಣೆಯನ್ನು ಬರೆದವಳು ನಾನು. ಚಿಲಕ ನನಗೂ ನೆನಪಾಗಿರಲಿಲ್ಲ.

"ಇದೇನೇ? ಮನೆಯವರ ಮಧ್ಯೆ ಚಿಲಕ ಯಾಕೆ? ಯಾರಿಂದ ಕಾಪಾಡ್ಕೋಬೇಕು ನೀನು?" ಎಂದರು ಮಾವ. ಅವರಿಗೆ ನಿಜವಾಗಿಯೂ ನೋವಾಗಿತ್ತು. ಕೈ ತಾನಾಗಿ ಮೌಸಿನ ಮೇಲೆ ಹೋಯಿತು, ಆ ಗೆರೆಯನ್ನು ಅಳಿಸಿದರು, ಉಳಿಸಲು ಒತ್ತಿದರು. ಇದನ್ನು ಬದಲಿಸಲು ನಿಮಗೆ ಅನುಮತಿಯಿಲ್ಲ ಎಂದಿತು ಕಂಪ್ಯೂಟರ್. ಇನ್ನೊಮ್ಮೆ ಒತ್ತಿದರು. ಅದು ಮತ್ತೆ ಅದನ್ನೇ ಹೇಳಿತು.

ಮಾವ ತಿರುಗಿ ತಂಗಿಯ ಮುಖ ನೋಡಿದರು. ಎಂದಿನ 'ಇರ್ಲಿ ಬಿಡು' ಬರುತ್ತದೆಂದು ನಾವೆಲ್ಲ ಕಾದೆವು.

"ಬಾಗಿಲು ತಟ್ಟಣ್ಣ" ಎಂದರು ಚಿಕ್ಕತ್ತೆ, ಮೆಲ್ಲಗೆ. "ತೆಗೀತೀನಿ."